ಅಪ್ಪನ ಕ್ಯಾಸೆಟ್ಟಿನ ಬೈರೂತ್ ಹಾಡುಗಳನ್ನು ನಾವೇ ಮತ್ತೆ ಹೊರತರಬಹುದೇ?

ಪ್ರಶ್ನೆ: ನಮ್ಮದು ಉಡುಪಿ ಕಡೆ. ಅಪ್ಪ 1979ರಿಂದ 1990ರವರೆಗೆ ಕುವೈತ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಇರಾಕಿನ ಸೇನೆ ನುಗ್ಗಿದ ಮೇಲೆ ಜೋರ್ಡಾನಿನ ಅಮ್ಮಾನ್ ದಾರಿಯಾಗಿ ಒಂದೇ ಬ್ಯಾಗ್ ಹಿಡಿದು ಊರಿಗೆ ಬಂದರು. ಆ ಬ್ಯಾಗಿನಲ್ಲಿ ನಾಲ್ಕು ಕ್ಯಾಸೆಟ್ ಇದ್ದವು. ಒಂದು ಲೆಬನಾನಿನ ಫಿರ್ಕತ್ ಅಲ್ ಅರ್ದ್ ತಂಡದ 'ಉಗ್ನಿಯಾ'. ಅಂಗಡಿಯಲ್ಲಿ ತುಂಬಿಸಿಕೊಂಡಿದ್ದು. ಇನ್ನೊಂದರ ಮೇಲೆ ಹೆಸರೇ ಇಲ್ಲ, ಆದರೆ ಅದೂ ಅದೇ ಕಾಲದ ಬೈರೂತ್ ಹಾಡುಗಳು ಎಂದು ಅಪ್ಪ ಹೇಳುತ್ತಿದ್ದರು. ಅಪ್ಪ ತೀರಿಹೋಗಿ ಮೂರು ವರ್ಷವಾಯಿತು. ಈಚೆಗೆ 'ಉಗ್ನಿಯಾ'ದ ಹೊಸ ಎಲ್‌ಪಿ (ಗ್ರಾಮಫೋನ್ ತಟ್ಟೆ) ತರಿಸಿದೆ. ಹಾಡು ಅದೇ, ಆದರೆ ಅಪ್ಪನ ಕ್ಯಾಸೆಟ್‌ನ ಹಾಗೆ ಕೇಳುವುದಿಲ್ಲ. ಶ್ರುತಿ ಮೇಲಿದೆ, ಧ್ವನಿ ತುಂಬ ಚುರುಕಾಗಿದೆ. ಇದರಲ್ಲಿ ಯಾವುದು ನಿಜವಾದದ್ದು? ಹೊಸ ಎಲ್‌ಪಿಗೆ ಕೊಟ್ಟ ದುಡ್ಡು ಆ ಕಲಾವಿದರಿಗೆ ತಲುಪುತ್ತದೆಯೇ? ನಾವು ಗಲ್ಫ್‌ನಿಂದ ಮರಳಿದವರ ಮಕ್ಕಳು ಕೆಲವರು ಸೇರಿ, ಎರಡೂ ಕ್ಯಾಸೆಟ್‌ಗಳ ಹಾಡುಗಳನ್ನು 200 ಸಿಡಿ ಮಾಡಿ ಹಂಚಬೇಕು, ಯೂಟ್ಯೂಬ್‌ಗೂ ಹಾಕಬೇಕು ಎಂದುಕೊಂಡಿದ್ದೇವೆ. 'ಯುದ್ಧದ ಕಾಲದ್ದು, ಕಂಪನಿ ಮುಚ್ಚಿಹೋಗಿದೆ, 50 ವರ್ಷ ಆಗುತ್ತಾ ಬಂತು, ಯಾರೂ ಕೇಳುವುದಿಲ್ಲ' ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಇದು ಸರಿಯೇ? ಕ್ಯಾಸೆಟ್‌ನಿಂದ ಲ್ಯಾಪ್‌ಟಾಪ್‌ಗೆ ಇಳಿಸಿದ ಎರಡು ನಿಮಿಷದ ತುಣುಕು ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ತುಣುಕನ್ನು ನಾಲ್ಕೈದು ಸಲ ಕೇಳಿದೆ. ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ ಅನ್ನಿಸಿತು. ಒಂದು, ಅಪ್ಪ ಕೇಳಿದ ಹಾಡು ಕೈತಪ್ಪಿಹೋಗುತ್ತಿದೆಯೇ ಎನ್ನುವುದು. ಇನ್ನೊಂದು, ಅದನ್ನು ಉಳಿಸಲು ಹೋಗಿ ಬೇರೆ ಯಾರಿಗೋ ಅನ್ಯಾಯ ಮಾಡುತ್ತಿದ್ದೇವೆಯೇ ಎನ್ನುವುದು. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ. ಆದರೆ ಅದು ಮನಸ್ಸಿನಲ್ಲಿ ಇಲ್ಲದಿದ್ದರೆ ನೀವು ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಸುಮ್ನೆ ಅಪ್‌ಲೋಡ್ ಮಾಡಿಬಿಡುತ್ತಿದ್ದಿರಿ.

ಮೊದಲು ಶ್ರುತಿಯ ವಿಷಯ. ಅದಕ್ಕೆ ಉತ್ತರ ನಿಮ್ಮ ತುಣುಕಿನಲ್ಲೇ ಇದೆ.

ಹಳೆಯ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಹಾಡಿನ ಅಡಿಯಲ್ಲಿ ಸಣ್ಣಗೆ ಒಂದು 'ಗುಂಯ್' ಇರುತ್ತದೆ. ಕರೆಂಟಿನ ಸದ್ದು ಅದು. ಲೆಬನಾನ್, ಕುವೈತ್, ನಮ್ಮ ದೇಶ, ಮೂರೂ ಕಡೆ ಕರೆಂಟು 50 ಹರ್ಟ್ಝ್, ಅಂದರೆ ಸೆಕೆಂಡಿಗೆ 50 ಸಲದ ಕಂಪನ. ಹಾಗಾಗಿ ಆ ಗುಂಯ್ 50ಕ್ಕೆ ಇರಬೇಕು, ಅದರ ಮರಿಗಳು 100ಕ್ಕೆ, 150ಕ್ಕೆ. ನಿಮ್ಮ ತುಣುಕನ್ನು ಕಂಪ್ಯೂಟರಿನಲ್ಲಿ ಗೆರೆಗಳಾಗಿ ಬಿಡಿಸಿ ನೋಡಿದೆ. 50ರ ಮೇಲೆ ಒಂದು ಗೆರೆ ಇದೆ. ಅದು ನಿಮ್ಮ ಮನೆಯ ಕ್ಯಾಸೆಟ್ ಡೆಕ್‌ನದ್ದೋ ಲ್ಯಾಪ್‌ಟಾಪ್‌ನದ್ದೋ ಆಗಿರಬೇಕು. ಸ್ವಲ್ಪ ಕೆಳಗೆ, 48.5ರ ಹತ್ತಿರ, ಮಸುಕಾಗಿ ಇನ್ನೊಂದು ಗೆರೆ ಇದೆ. ಕ್ಯಾಸೆಟ್‌ನೊಳಗೆ ಕೂತಿರುವ ಗುಂಯ್ ಅದೇ. ಅಂದರೆ ಟೇಪು ಈಗ ಸುಮಾರು ಶೇ. 3ರಷ್ಟು ನಿಧಾನವಾಗಿ ಓಡುತ್ತಿದೆ. ಶೇ. 6 ನಿಧಾನವಾದರೆ ಶ್ರುತಿ ಹಾರ್ಮೋನಿಯಂನ ಪೂರಾ ಒಂದು ಮನೆ ಕೆಳಗಿಳಿಯುತ್ತದೆ. ಶೇ. 3ಕ್ಕೆ ಅರ್ಧ ಮನೆ. ನಿಮ್ಮ ಕಿವಿ ಹಿಡಿದ ವ್ಯತ್ಯಾಸ ಇದೇ.

ತಪ್ಪು ಎಲ್ಲಿ ಆಯಿತು? ಎರಡು ಸಾಧ್ಯತೆ ಇವೆ. ಹಾಡು ತುಂಬಿಸಿದ ಅಂಗಡಿಯ ಯಂತ್ರ ಸ್ವಲ್ಪ ಜೋರಾಗಿ ಓಡುತ್ತಿದ್ದಿರಬಹುದು. ಜೋರಾಗಿ ಓಡುವ ಯಂತ್ರದಲ್ಲಿ ತುಂಬಿಸಿದ್ದನ್ನು ಸರಿಯಾದ ಡೆಕ್‌ನಲ್ಲಿ ಹಾಕಿದರೆ ನಿಧಾನವಾಗಿಯೇ ಕೇಳುತ್ತದೆ. ಇಲ್ಲವಾದರೆ ನಿಮ್ಮ ಡೆಕ್‌ನ ರಬ್ಬರ್ ಬೆಲ್ಟ್ ಸಡಿಲಾಗಿರಬಹುದು. ಹಳೆ ಡೆಕ್‌ಗಳಲ್ಲಿ ಇದು ತೀರ ಮಾಮೂಲಿ. ಪರೀಕ್ಷೆ ಸುಲಭ. ಕಂಪನಿಯಿಂದಲೇ ಬಂದ ಯಾವುದಾದರೂ ಕನ್ನಡ ಕ್ಯಾಸೆಟ್ ಹಾಕಿ, ಅದೇ ಹಾಡನ್ನು ಮೊಬೈಲಿನಲ್ಲಿ ಹಚ್ಚಿ ಶ್ರುತಿ ಹೋಲಿಸಿ. ಅದೂ ಕೆಳಗಿದ್ದರೆ ಡೆಕ್‌ನದ್ದೇ ದೋಷ. ಬೆಲ್ಟ್ ಬದಲಿಸಿದರೆ ಸರಿಹೋಗುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಅರಬ್ ಸಂಗೀತದಲ್ಲಿ ಈ ಶ್ರುತಿ ಸರಿಪಡಿಸುವ ಕೆಲಸ ಬಹಳ ನಾಜೂಕಿನದು. ಪಾಶ್ಚಾತ್ಯ ಹಾಡಾದರೆ ಪಿಯಾನೊದ ಎರಡು ಮನೆಗಳ ನಡುವೆ ಸ್ವರ ಸಿಕ್ಕಿತು ಅಂದರೆ 'ಟೇಪು ತಪ್ಪು ಓಡುತ್ತಿದೆ' ಎಂದು ಹೇಳಿಬಿಡಬಹುದು. ಅರಬ್ ಮಖಾಮ್‌ಗಳಲ್ಲಿ (ನಮ್ಮ ರಾಗಗಳ ಹಾಗಿನವು) ಎರಡು ಮನೆಗಳ ನಡುವಿನ ಸ್ವರ ತಪ್ಪಲ್ಲ. ಅದೇ ಅದರ ರುಚಿ. 'ರಾಸ್ತ್' ಎನ್ನುವ ಮಖಾಮಿನ ಮೂರನೆಯ ಸ್ವರ ನಮ್ಮ ಹಾರ್ಮೋನಿಯಂನಲ್ಲಿ ಸಿಗುವುದೇ ಇಲ್ಲ. ಗೊತ್ತಿಲ್ಲದ ಎಂಜಿನಿಯರ್ ಅದನ್ನು 'ಸರಿ' ಮಾಡಲು ಹೋದರೆ ಹಾಡು ಕೆಟ್ಟಿತು. ಗುಂಯ್ ನೋಡಿ ಅಳೆಯುವ ಉಪಾಯವೂ ಎಲ್ಲ ಸಲ ಕೈಹಿಡಿಯುವುದಿಲ್ಲ. ಯುದ್ಧದ ಊರಿನಲ್ಲಿ ಕರೆಂಟು ಹೋಗುತ್ತದೆ, ಜನರೇಟರ್ ಹಾಕುತ್ತಾರೆ. ಜನರೇಟರ್ ಕರೆಂಟು 50ಕ್ಕೆ ಸರಿಯಾಗಿ ನಿಲ್ಲುವುದಿಲ್ಲ, ಮೇಲೆ ಕೆಳಗೆ ಆಡುತ್ತದೆ. ಅಂಥ ಟೇಪಿನಲ್ಲಿ ಗುಂಯ್ ನಂಬಿದರೆ ಮೋಸ ಹೋಗುತ್ತೇವೆ. ಆಗ ಉಳಿಯುವ ದಾರಿ ಒಂದೇ. ನುಡಿಸಿದವರು ಬದುಕಿದ್ದರೆ ಅವರನ್ನೇ ಕೇಳುವುದು.

ಎಲ್‌ಪಿ 'ತುಂಬ ಚುರುಕು' ಎಂದಿರಿ. ಇದರಲ್ಲಿ ಸ್ವಲ್ಪ ಭಾಗ ವೇಗದ್ದು. ಇನ್ನು ಸ್ವಲ್ಪ ನಿಮ್ಮ ಕ್ಯಾಸೆಟ್‌ನದ್ದು. ಅದು ನಕಲಿನ ನಕಲು. ಪ್ರತಿ ನಕಲಿಗೂ ಮೇಲಿನ ಸ್ವರಗಳ ಮಿಂಚು ಒಂದಿಷ್ಟು ಸವೆಯುತ್ತದೆ. ಡೆಕ್‌ನಲ್ಲಿ ಟೇಪನ್ನು ಓದುವ ಹೆಡ್ ಕೂದಲೆಳೆಯಷ್ಟು ವಾಲಿದ್ದರೂ ಸಾಕು, ಧ್ವನಿಯ ಮೇಲೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ನೀವು ಚಿಕ್ಕಂದಿನಿಂದ ಆ ಕಂಬಳಿಯೊಳಗಿನ ಹಾಡನ್ನೇ ಕೇಳಿದ್ದೀರಿ. ಹಾಗಾಗಿ 'ಯಾವುದು ನಿಜ' ಎಂದರೆ, ಸ್ಟುಡಿಯೋದಲ್ಲಿ ನುಡಿಸಿದ್ದಕ್ಕೆ ಎಲ್‌ಪಿ ಹತ್ತಿರ. ಕುವೈತಿನ ಕೋಣೆಯಲ್ಲಿ ಅಪ್ಪ ಕೇಳಿದ್ದಕ್ಕೆ ಕ್ಯಾಸೆಟ್ ಹತ್ತಿರ. ಎರಡನ್ನೂ ಇಟ್ಟುಕೊಳ್ಳಿ. ಕ್ಯಾಸೆಟ್‌ನಿಂದ ಇಳಿಸುವಾಗ ವೇಗ ತಿದ್ದದ ಒಂದು ಪ್ರತಿಯನ್ನೂ ಖಂಡಿತ ಉಳಿಸಿಕೊಳ್ಳಿ.

ಸದ್ದು ತೆಗೆಯುವುದರ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನೀವೂ ಇದನ್ನು ಮಾಡಲು ಹೊರಡುತ್ತೀರಿ. ಹಳೆ ಟೇಪುಗಳ ಧ್ವನಿ ಸರಿಮಾಡುವ ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಬ್ಬ ಹಿರಿಯ ಕೊಳಲು ವಾದಕರ ಸ್ಪೂಲ್ ಟೇಪು ನನ್ನ ಕೈಗೆ ಬಂತು. 'ಸ್ಸ್' ಎನ್ನುವ ಹಿನ್ನೆಲೆ ಸದ್ದನ್ನೆಲ್ಲ ಸಾಫ್ಟ್‌ವೇರ್ ಹಾಕಿ ಒರೆಸಿದೆ. ಕೇಳಿಸಿದಾಗ ಅವರು ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೆ 'ನನ್ನ ಉಸಿರು ಎಲ್ಲಿ ಹೋಯಿತಪ್ಪಾ?' ಎಂದರು. ಕೊಳಲಿನ ತೂತಿನ ಮೇಲೆ ಹಾಯುವ ಗಾಳಿಯೂ ಟೇಪಿನ ಸ್ಸ್ ಕೂಡ ಯಂತ್ರಕ್ಕೆ ಒಂದೇ. ಎರಡನ್ನೂ ಒರೆಸಿ ಹಾಕಿತ್ತು. ಅವತ್ತು ರಾತ್ರಿ ಕೂತು ಮೊದಲಿನಿಂದ ಮತ್ತೆ ಮಾಡಿದೆ. ಆವತ್ತಿನಿಂದ ಹಿನ್ನೆಲೆ ಸದ್ದಿಗೆ ಕೈ ಹಾಕುವಾಗ ಅರ್ಧಕ್ಕಿಂತ ಮೊದಲೇ ನಿಲ್ಲಿಸುತ್ತೇನೆ.

ಇನ್ನು ಆ ಆಲ್ಬಂ ಬಗ್ಗೆ. ಓದುಗರಲ್ಲಿ ಬಹಳ ಜನರಿಗೆ ಇದು ಹೊಸದಾಗಿರಬಹುದು.

ಲೆಬನಾನಿನ ಒಳಯುದ್ಧ ಶುರುವಾದದ್ದು 1975ರ ಏಪ್ರಿಲ್ 13ರಂದು. ಮುಗಿದದ್ದು 1990ರಲ್ಲಿ. ಆ 15 ವರ್ಷ ಬೈರೂತ್ ಊರನ್ನು ಪೂರ್ವ, ಪಶ್ಚಿಮ ಎಂದು ಒಂದು ಗಡಿ ಸೀಳಿತ್ತು. ಅದಕ್ಕೆ ಹಸಿರು ಗೆರೆ ಎಂದು ಹೆಸರು. ಇದರ ನಡುವೆಯೇ ಊರಿನ ಸಂಗೀತ ಹೊಸ ದಾರಿ ಹಿಡಿಯಿತು. 'ಉಗ್ನಿಯಾ' ಬಂದದ್ದು 1978ರಲ್ಲಿ. ಉಗ್ನಿಯಾ ಅಂದರೆ ಅರಬ್ಬಿಯಲ್ಲಿ 'ಹಾಡು', ಅಷ್ಟೇ. ಫಿರ್ಕತ್ ಅಲ್ ಅರ್ದ್ ಅಂದರೆ 'ನೆಲದ ತಂಡ'. ಇಸ್ಸಾಂ ಹಜಾಲಿ, ತೌಫೀಕ್ ಫರ್ರೂಖ್, ಎಲಿಯಾ ಸಾಬಾ ತಂಡದ ಮುಖ್ಯರು. ವಾದ್ಯಗಳ ಜೋಡಣೆ ಝಿಯಾದ್ ರಹಬಾನಿಯವರದು. ಗಾಯಕಿ ಫೈರೂಝ್ ಅವರ ಮಗ. 2025ರ ಜುಲೈ 26ರಂದು ತೀರಿಕೊಂಡರು. ಹಾಡಿನ ಸಾಲುಗಳು ಮಹಮೂದ್ ದರ್ವೀಶ್, ಸಮೀಹ್ ಅಲ್ ಕಾಸಿಂ ಮೊದಲಾದ ಪ್ಯಾಲೆಸ್ಟೀನಿ ಕವಿಗಳವು. ಸಂಗೀತದಲ್ಲಿ ಬ್ರೆಜಿಲ್‌ನ ಬೊಸಾ ನೋವಾದ ತೂಗು ಇದೆ, ಜಾಝ್ ಇದೆ, ಅದರ ಮೇಲೆ ಅರಬ್ ವಯೊಲಿನ್‌ಗಳ ಗುಂಪು ಬಂದು ಕೂರುತ್ತದೆ. ನಮ್ಮ ಭಾವಗೀತೆಗಳ ಹಾಗೆ ಕವಿಯ ಸಾಲಿಗೆ ಬೇರೆಯವರು ಧಾಟಿ ಕಟ್ಟಿದ್ದಾರೆ. ಈ ಮಾತು ನೆನಪಿಡಿ, ಹಕ್ಕಿನ ವಿಷಯದಲ್ಲಿ ಮತ್ತೆ ಬರುತ್ತದೆ.

ಮೂಲ ಎಲ್‌ಪಿ ಬೇಗ ಕಣ್ಮರೆಯಾಯಿತು. ಸಂಗ್ರಾಹಕರ ನಡುವೆ ಅದರ ಬೆಲೆ ಸಾಮಾನ್ಯರ ಕೈಗೆ ಎಟುಕದಷ್ಟು ಏರಿತು. 2022ರಲ್ಲಿ ಬರ್ಲಿನ್‌ನ ಹಬೀಬಿ ಫಂಕ್ ಎನ್ನುವ ಲೇಬಲ್ (ಸಂಗೀತ ಕಂಪನಿ) ಅದನ್ನು ಮತ್ತೆ ಹೊರತಂದಿತು. ನೀವು ತರಿಸಿದ್ದು ಅದೇ ಆಗಿರಬೇಕು.

ಯುದ್ಧದ ಆಲ್ಬಂ ಎಂದ ತಕ್ಷಣ 'ಬಾಂಬು ಬೀಳುತ್ತಿರುವಾಗ ಹಾಡಿದ್ದು' ಎಂದು ಮಾರುವವರಿದ್ದಾರೆ. ನನಗೆ ಈ ಮಾತು ಕೇಳಿದರೆ ಬೇಸರವಾಗುತ್ತದೆ. ಆ ಕಾಲದ ಎಷ್ಟೋ ರೆಕಾರ್ಡಿಂಗ್‌ಗಳು ಬೈರೂತ್‌ನಲ್ಲಿ ಆದವೇ ಅಲ್ಲ. ರಹಬಾನಿಯವರ 'ಅಬು ಅಲಿ' 1978ರಲ್ಲಿ ಅಥೆನ್ಸ್‌ನ ಸ್ಟುಡಿಯೋದಲ್ಲಿ ಆಯಿತು. ಅದು ಕುಣಿಯುವ ತಾಳದ ಉದ್ದನೆಯ ವಾದ್ಯಸಂಗೀತ, ಯುದ್ಧದ ಬಗ್ಗೆ ಒಂದು ಮಾತೂ ಇಲ್ಲ. 2019ರಲ್ಲಿ ಪ್ಯಾರಿಸ್‌ನ ವೀ ವಾಂಟ್ ಸೌಂಡ್ಸ್ ಎನ್ನುವ ಲೇಬಲ್ ಅದನ್ನು ಮತ್ತೆ ತಂದಿತು. ಇಸ್ಸಾಂ ಹಜಾಲಿ ತಮ್ಮ ಮೊದಲ ಆಲ್ಬಂ ಮಾಡಿದ್ದು 1977ರಲ್ಲಿ ಪ್ಯಾರಿಸ್‌ನಲ್ಲಿ, ಊರು ಬಿಟ್ಟು ಹೋಗಿದ್ದಾಗ. ಅದರ ಪ್ರತಿಗಳು ನೂರನ್ನೂ ಮುಟ್ಟಲಿಲ್ಲ, ಅದೂ ಕ್ಯಾಸೆಟ್‌ನಲ್ಲಿ. ಯುದ್ಧ ಈ ಸಂಗೀತದೊಳಗೆ ಬಂದದ್ದು ಹೆಚ್ಚಾಗಿ ಹೀಗೆ. ಸ್ಟುಡಿಯೋ ದೂರವಾಯಿತು. ಜನ ಚೆದುರಿದರು. ಪ್ರತಿ ಕಡಿಮೆಯಾಯಿತು. ಕಾಗದ ಪತ್ರ ಕಳೆದುಹೋಯಿತು. ರಹಬಾನಿಯವರ 1985ರ ಆಲ್ಬಂ ಹೆಸರು 'ಹುದೂ ನಿಸ್ಬಿ', ಅಂದರೆ 'ತಕ್ಕಮಟ್ಟಿಗೆ ಶಾಂತಿ'. ಗುಂಡಿನ ಸದ್ದು ಸ್ವಲ್ಪ ಕಡಿಮೆಯಾದ ದಿನ ರೇಡಿಯೋ ವಾರ್ತೆಯಲ್ಲಿ ಹೇಳುತ್ತಿದ್ದ ಮಾತು ಅದು. ಹೊರಗೆ ಹೋಗಿ ರೊಟ್ಟಿ ತರಬಹುದೋ ಇಲ್ಲವೋ ಎಂದು ಜನ ಆ ಎರಡು ಪದದಿಂದ ತಿಳಿದುಕೊಳ್ಳುತ್ತಿದ್ದರು.

ಈಗ ನಿಮ್ಮ ಗೆಳೆಯನ ಮಾತಿಗೆ ಬರೋಣ. 'ಯುದ್ಧದ ಕಾಲದ್ದು, ಕಂಪನಿ ಇಲ್ಲ, ಹಾಗಾಗಿ ಯಾರದ್ದೂ ಅಲ್ಲ.' ಇದು ತಪ್ಪು. ಯುದ್ಧದಲ್ಲಿ ಕಳೆದುಹೋಗುವುದು ಕಾಗದ, ಹಕ್ಕಲ್ಲ. ಕಂಪನಿ ಮುಚ್ಚಿದರೆ ಅದರ ಹಕ್ಕು ಮಾಲೀಕರಿಗೋ ಅವರ ಮಕ್ಕಳಿಗೋ ಕೊಂಡುಕೊಂಡವರಿಗೋ ಹೋಗಿರುತ್ತದೆ. ಎಷ್ಟೋ ಸಲ ಒಪ್ಪಂದ ಎನ್ನುವುದೇ ಇರಲಿಲ್ಲ. ಕೈಕುಲುಕಿ ಮಾಡಿದ ಮಾತು ಅಷ್ಟೇ. ಆಗ ಕಲಾವಿದರ ಹಕ್ಕು ಕಲಾವಿದರ ಹತ್ತಿರವೇ ಉಳಿದಿರಬಹುದು.

ನಾನು ವಕೀಲನಲ್ಲ, ಆದರೆ ಕೆಲಸಕ್ಕೆ ಬೇಕಾದಷ್ಟು ಲೆಕ್ಕ ತಿಳಿದುಕೊಂಡಿದ್ದೇನೆ. ಲೆಬನಾನಿನಲ್ಲಿ 1999ರ 75ನೇ ಕಾಯ್ದೆ ಇದೆ. ಅದರ ಪ್ರಕಾರ ರೆಕಾರ್ಡಿಂಗ್‌ಗೆ 50 ವರ್ಷ ರಕ್ಷಣೆ. 1978ರದ್ದಕ್ಕೆ 2028ರ ಕೊನೆಯವರೆಗೆ ಎಂದಾಯಿತು. ನಿಮ್ಮ ಗೆಳೆಯ '50 ವರ್ಷ' ಅಂದದ್ದು ಇದನ್ನೇ ಇರಬೇಕು. ಆದರೆ ಅದು ಮುಗಿದರೂ ಮುಗಿಯುವುದು ರೆಕಾರ್ಡಿಂಗ್‌ನ ಹಕ್ಕು ಮಾತ್ರ, ಅದೂ ಅಲ್ಲಿ ಮಾತ್ರ. ನಮ್ಮ ದೇಶದಲ್ಲಿ ರೆಕಾರ್ಡಿಂಗ್‌ಗೆ 60 ವರ್ಷ, ಯುರೋಪಿನಲ್ಲಿ 70. ಪರದೇಶದ ಕೃತಿ ಎಂದಾಗ ಈ ಲೆಕ್ಕ ಸ್ವಲ್ಪ ಹಿಂದೆಮುಂದೆ ಆಗಬಹುದು. ಆದರೂ 'ಮುಗಿದೇ ಹೋಯಿತು' ಎನ್ನುವ ಹಾಗಿಲ್ಲ.

ಧಾಟಿಗೆ ಮತ್ತು ಸಾಲುಗಳಿಗೆ ಬೇರೆಯೇ ಲೆಕ್ಕ. ಲೆಬನಾನಿನಲ್ಲಿ ಬರೆದವರು ತೀರಿಕೊಂಡ ಮೇಲೂ 50 ವರ್ಷ. ದರ್ವೀಶ್ ತೀರಿಕೊಂಡದ್ದು 2008ರಲ್ಲಿ. ಅಲ್ಲಿಯ ಲೆಕ್ಕದಲ್ಲೇ ಅವರ ಕವಿತೆ 2058ರವರೆಗೆ ವಾರಸುದಾರರದ್ದು. ಅಲ್ ಕಾಸಿಂ 2014ರಲ್ಲಿ ಹೋದರು, ಅವರದ್ದು 2064ರವರೆಗೆ. ವಾದ್ಯಜೋಡಣೆ ಮಾಡಿದ ರಹಬಾನಿ ಹೋಗಿ ಹೆಚ್ಚು ಕಾಲವಾಗಿಲ್ಲ. ಇನ್ನು ಹೊದಿಕೆಯ ಚಿತ್ರ ಬಿಡಿಸಿದವರು ಇದ್ದಾರೆ, ಫೋಟೊ ತೆಗೆದವರು ಇದ್ದಾರೆ. ಒಂದು ಎಲ್‌ಪಿಯನ್ನು ಮತ್ತೆ ಹೊರತರುವವರು ಕಡಿಮೆ ಅಂದರೂ ನಾಲ್ಕೈದು ಬಾಗಿಲು ತಟ್ಟಬೇಕು. ನನ್ನ ಅನುಭವದಲ್ಲಿ ಧ್ವನಿ ಸರಿಮಾಡುವುದಕ್ಕೆ ಮೂರು ವಾರ ಹಿಡಿದರೆ, ಜನರನ್ನು ಹುಡುಕುವುದಕ್ಕೆ ಮೂರು ವರ್ಷ ಹಿಡಿದದ್ದೂ ಇದೆ.

'ಯಾರೂ ಕೇಳುವುದಿಲ್ಲ' ಎನ್ನುವ ಮಾತು ಅರ್ಧ ನಿಜ. 200 ಸಿಡಿ ಹಂಚಿದರೆ ಉಡುಪಿಗೆ ಬಂದು ಯಾರೂ ಕೇಸು ಹಾಕುವುದಿಲ್ಲ. ಯೂಟ್ಯೂಬ್ ಮಾತ್ರ ಸುಮ್ನಿರುವುದಿಲ್ಲ, 'ಉಗ್ನಿಯಾ'ಕ್ಕೆ ಈಗ ಲೈಸೆನ್ಸ್ ಪಡೆದ ಲೇಬಲ್ ಇದೆ, ಅಪ್‌ಲೋಡ್ ಮಾಡಿದ ಕೂಡಲೇ ಯಂತ್ರವೇ ಹಿಡಿಯಬಹುದು. ಆದರೆ ನನ್ನ ಆಕ್ಷೇಪ ಸಿಕ್ಕಿಬೀಳುವ ಭಯದ್ದಲ್ಲ. ಈ ಸಂಗೀತ ಮಾಡಿದವರಿಗೆ ಆ ಕಾಲದಲ್ಲಿ ಸಿಗಬೇಕಾದದ್ದು ಸಿಗಲಿಲ್ಲ. ಅಪ್ಪನ ಕ್ಯಾಸೆಟ್ ಇದೆಯಲ್ಲ, ಆ ಅಂಗಡಿ ತುಂಬಿಸಿ ಕೊಟ್ಟ ಪ್ರತಿಯಿಂದಲೂ ಅವರಿಗೆ ಒಂದು ಫಿಲ್ಸ್ (ಕುವೈತಿನ ಬಿಡಿಕಾಸು) ಹೋಗಿರಲಿಕ್ಕಿಲ್ಲ. ಆಗ ಗಲ್ಫ್‌ನಲ್ಲಿ ನಡೆಯುತ್ತಿದ್ದದ್ದೇ ಹಾಗೆ, ಅಪ್ಪನ ತಪ್ಪೇನೂ ಇಲ್ಲ. ಈಗ ಅವರ ಅನುಮತಿ ಕೇಳುವ ದಾರಿ ಇರುವಾಗ ಅದೇ ಅಂಗಡಿಯವನ ಕೆಲಸವನ್ನು ನಾವು ಪ್ರೀತಿಯ ಹೆಸರಿನಲ್ಲಿ ಮತ್ತೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡು ತಲುಪುತ್ತದೆಯೇ ಎಂದು ಕೇಳಿದಿರಿ. ಹಬೀಬಿ ಫಂಕ್‌ನವರು ಲಾಭದ ಅರ್ಧ ಪಾಲು ಕಲಾವಿದರಿಗೆ ಅಥವಾ ಅವರ ಮನೆಯವರಿಗೆ ಕೊಡುತ್ತೇವೆ, ಹಕ್ಕನ್ನು ಕೊಂಡುಕೊಳ್ಳುವುದಿಲ್ಲ, ಲೈಸೆನ್ಸ್ ಮಾತ್ರ ಪಡೆಯುತ್ತೇವೆ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಈ ಎರಡನೆಯ ಮಾತೇ ದೊಡ್ಡದು. ಹಕ್ಕು ಕೊಂಡುಕೊಂಡರೆ ಕಲಾವಿದರ ಕೈಬಿಟ್ಟು ಹೋಯಿತು. ಲೈಸೆನ್ಸ್ ಆದರೆ ಇಷ್ಟು ವರ್ಷ ಎಂದಿರುತ್ತದೆ, ಆಮೇಲೆ ಅದು ಅವರಿಗೇ ವಾಪಸ್. 'ಅರ್ಧ ಪಾಲು' ಎಂದರೆ ಖರ್ಚು ಕಳೆದ ಮೇಲಿನ ಲಾಭದ ಅರ್ಧ ಎನ್ನುವುದೂ ತಿಳಿದಿರಲಿ. ಸಾವಿರ, ಎರಡು ಸಾವಿರ ಪ್ರತಿ ಮಾರುವ ಆಲ್ಬಂನಿಂದ ಯಾರೂ ಮನೆ ಕಟ್ಟುವುದಿಲ್ಲ. ಆದರೆ ನಲವತ್ತು ವರ್ಷ ಯಾರೂ ಕೇಳದ ತಮ್ಮ ಹೆಸರನ್ನು ಹೊದಿಕೆಯ ಮೇಲೆ ಸರಿಯಾಗಿ ಅಚ್ಚಾಗಿ ನೋಡುವುದು ಬೇರೆ ಮಾತು.

ಯುರೋಪಿನ ಲೇಬಲ್‌ಗಳೇ ಯಾಕೆ ಇದನ್ನು ಮಾಡಬೇಕು, ಅರಬ್ ಸಂಗೀತದ ಆಯ್ಕೆ ಬರ್ಲಿನ್, ಪ್ಯಾರಿಸ್‌ನಲ್ಲಿ ಕೂತವರ ಕೈಯಲ್ಲಿ ಯಾಕೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಅಲ್ಲಿನ ಕಿವಿಗೆ ಹಿಡಿಸುವ ಫಂಕ್, ಜಾಝ್ ಮೊದಲು ಬರುತ್ತದೆ, ಅರಬ್ಬರ ಮನೆಮನೆಯಲ್ಲಿ ಕೇಳುತ್ತಿದ್ದದ್ದು ಹಿಂದೆ ಉಳಿಯುತ್ತದೆ. ಲೆಬನಾನಿನಲ್ಲೇ ಅಮಾರ್ ಎನ್ನುವ ಸಂಸ್ಥೆ 2009ರಿಂದ ಅರಬ್ ಸಂಗೀತದ ಹಳೆಯ ತಟ್ಟೆಗಳನ್ನು ಕೂಡಿಹಾಕಿ ಕಾಪಾಡುತ್ತಿದೆ. ಅವರ ಗಮನ ಹೆಚ್ಚು ಇನ್ನೂ ಹಿಂದಿನ ಕಾಲದ್ದು. 1970-80ರ ದಶಕದ ಈ ಬೆರಕೆ ಸಂಗೀತ ನಡುವೆ ಎಲ್ಲೋ ಬಿದ್ದುಹೋಗಿತ್ತು. ಅದನ್ನು ಎತ್ತಿದವರು ಕಲಾವಿದರನ್ನು ಕೇಳಿ ಎತ್ತಿದ್ದರೆ ನನ್ನ ತಕರಾರಿಲ್ಲ.

ಅನುಮತಿ ಕೇಳಿದರೆ ಕೆಲವರು 'ಬೇಡ' ಅನ್ನುತ್ತಾರೆ. ಅದನ್ನೂ ಒಪ್ಪಬೇಕು. ರೋಜೆ ಫಖ್ರ್ ಎನ್ನುವ ಲೆಬನಾನಿ ಗಾಯಕರ 1970ರ ದಶಕದ ಹಾಡುಗಳನ್ನು ಹಬೀಬಿ ಫಂಕ್‌ನವರು ತರಲು ಹೊರಟಾಗ ಅವರಿಗೆ ಮೊದಲು ಮನಸ್ಸಿರಲಿಲ್ಲ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಆ ಭಾರಿ ಸ್ಫೋಟವಾಯಿತಲ್ಲ, ಆಮೇಲೆ ಲೆಬನಾನಿನ ರೆಡ್ ಕ್ರಾಸ್‌ಗೆ ದುಡ್ಡು ಕೂಡಿಸಲು ಒಂದು ಸಂಕಲನ ಬಂತು. ಅದಕ್ಕೆ ಹಾಡು ಕೊಟ್ಟರು. ಮರುವರ್ಷ ಪೂರ್ತಿ ಆಲ್ಬಂ ಬಂತು. ಯೌವನದ ಹಾಡು ಅಂದರೆ ಆ ಕಾಲದ ರಾಜಕೀಯ, ಆ ಕಾಲದ ಗೆಳೆಯರು, ಸತ್ತವರು, ಎಲ್ಲ ಜೊತೆಗೆ ಬರುತ್ತಾರೆ. ಯಾವ ಹಾಡು ಹೊರಬರಬೇಕು, ಯಾವುದು ಬೇಡ ಎಂದು ಹೇಳುವ ಹಕ್ಕು ಅವರದ್ದು. ನಮ್ಮ 200 ಸಿಡಿಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ ಅಲ್ವಾ?

ಹಾಗಾದರೆ ನೀವೇನು ಮಾಡಬಹುದು?

'ಉಗ್ನಿಯಾ'ದ ಮಟ್ಟಿಗೆ ಹೇಳುವುದಾದರೆ, ಹೊಸದಾಗಿ ತರುವ ಅಗತ್ಯವೇ ಇಲ್ಲ. ಕ್ಯಾಸೆಟ್ಟನ್ನು ನಿಮ್ಮ ಮನೆಯಲ್ಲಿ ಕೇಳಲು ಡಿಜಿಟಲ್ ಮಾಡಿಟ್ಟುಕೊಳ್ಳಿ. ಸ್ವಂತ ಬಳಕೆಗೆ ನಮ್ಮ ಕಾಯ್ದೆಯಲ್ಲಿ ಅವಕಾಶ ಇದೆ. ಗಲ್ಫ್ ಗೆಳೆಯರನ್ನು ಕೂಡಿಸಿ ಒಂದು ಸಂಜೆ ಎಲ್‌ಪಿ ಹಾಕಿ ಕೇಳಿಸಿ. ಒಂದೇ ಹಾಡಿನ ಎರಡು ರೂಪ ಕೇಳಿಸಿದರೆ ಇನ್ನೂ ಚೆನ್ನ. ಅಪ್ಪನ ಕಥೆ ಹೇಳಿ. ಆ ವರ್ಷ ಕುವೈತ್‌ನಿಂದ ಸುಮಾರು 1.7 ಲಕ್ಷ ಭಾರತೀಯರು ಹೀಗೆ ಎದ್ದು ಬಂದರು. ಅವರ ಬ್ಯಾಗಿನಲ್ಲಿ ಏನೇನಿತ್ತು ಎಂದು ಬರೆದಿಟ್ಟವರು ಕಡಿಮೆ. ಬಂದವರು ತಮ್ಮ ಮನೆಯ ಕ್ಯಾಸೆಟ್‌ಗಳನ್ನೂ ಹೊರತೆಗೆಯುತ್ತಾರೆ, ನೋಡಿ.

ಹೆಸರಿಲ್ಲದ ಕ್ಯಾಸೆಟ್ ಮೇಲೆ ನನಗೆ ಜಾಸ್ತಿ ಕುತೂಹಲ. ಅದರಲ್ಲಿ ಎಲ್ಲೂ ಉಳಿಯದ ಹಾಡು ಇರಲೂಬಹುದು. ಹಾಗಂತ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ, ಹತ್ತರಲ್ಲಿ ಒಂಬತ್ತು ಸಲ ಅದು ಎಲ್ಲರಿಗೂ ಗೊತ್ತಿರುವ ಆಲ್ಬಂ ಆಗಿರುತ್ತದೆ. ಮೊದಲು ಹಾಡು ಯಾವುದೆಂದು ಗುರುತಿಸಬೇಕು. ಮೊಬೈಲಿನ ಹಾಡು ಗುರುತಿಸುವ ಆ್ಯಪ್ ಸೋಲಬಹುದು, ವೇಗ ತಪ್ಪಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ವೇಗ ಸರಿಮಾಡಿ ಮತ್ತೆ ಕೇಳಿಸಿ. ಲೆಬನಾನಿನವರು ಯಾರಾದರೂ ಪರಿಚಯ ಇದ್ದರೆ ಕೇಳಿಸಿ. ಕುವೈತಿನ ಅರಬ್ಬಿ ಬೇರೆ, ಬೈರೂತ್‌ನ ಅರಬ್ಬಿ ಬೇರೆ, ಎರಡು ಸಾಲಿನಲ್ಲಿ ಹೇಳಿಬಿಡುತ್ತಾರೆ. ಹಾಡುಗಳ ನಡುವೆ ರೇಡಿಯೋದವರ ಮಾತು ಇದೆಯೇ ಗಮನಿಸಿ. ಇದ್ದರೆ ಅದನ್ನು ಅಳಿಸಬೇಡಿ, ಅದೇ ದೊಡ್ಡ ಸುಳಿವು.

ಕಲಾವಿದರು ಸಿಕ್ಕರೆ ನೇರ ಅವರಿಗೆ ಬರೆಯಿರಿ. 'ಹೊರತರಬೇಕು' ಎಂದು ಶುರುಮಾಡಬೇಡಿ. 'ನಿಮ್ಮ ಹಾಡು ನಮ್ಮ ಮನೆಯಲ್ಲಿದೆ, ಪ್ರತಿ ಬೇಕೇ?' ಎಂದು ಕೇಳಿ. ಯುದ್ಧದಲ್ಲಿ ಮನೆ ಬಿಟ್ಟವರ ಹತ್ತಿರ ಎಷ್ಟೋ ಸಲ ತಮ್ಮದೇ ಹಾಡಿನ ಪ್ರತಿ ಇರುವುದಿಲ್ಲ. 2024ರಲ್ಲಿ ಬೈರೂತ್ ಮೇಲೆ ಮತ್ತೆ ಬಾಂಬು ಬಿತ್ತು. ಉತ್ತರ ತಡವಾಗಬಹುದು, ಬರದೆಯೂ ಇರಬಹುದು. ಕಾಯಿರಿ. ಅವರು ಒಪ್ಪಿದರೆ ಈ ಕೆಲಸ ಮಾಡಿ ಪಳಗಿದ ಲೇಬಲ್ ಒಂದಕ್ಕೆ ಸೇರಿಸುವುದು ನನ್ನ ಸಲಹೆ. ನೀವೇ ಎಲ್‌ಪಿ ಒತ್ತಿಸಲು ಹೋದರೆ ಹಲವು ಕಾರ್ಖಾನೆಗಳು 300ಕ್ಕಿಂತ ಕಡಿಮೆ ಒತ್ತಲು ಒಪ್ಪುವುದಿಲ್ಲ, ತಿಂಗಳುಗಟ್ಟಲೆ ಕಾಯಿಸುತ್ತಾರೆ, ಮಾರಾಟವಾಗದ ಡಬ್ಬಿಗಳು ಮಂಚದ ಕೆಳಗೆ ಉಳಿಯುತ್ತವೆ.

ಯಾರೂ ಸಿಗದಿದ್ದರೆ? ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 31ಎ ಪ್ರಕಾರ, ಕರ್ತೃ ಪತ್ತೆಯಾಗದ ಕೃತಿಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿ ಹಾಕಿ, ರಾಯಧನ ಠೇವಣಿ ಇಟ್ಟು ಪ್ರಕಟಿಸಲು ಅನುಮತಿ ಕೇಳುವ ದಾರಿ ಇದೆ. ಆದರೆ ಅದು ಭಾರತದೊಳಗೆ ಮಾತ್ರ ನಡೆಯುತ್ತದೆ. ವಕೀಲರ ಖರ್ಚೂ ಇದೆ. 200 ಸಿಡಿಗೆ ಇದು ಭಾರ. ಆ ಸಂದರ್ಭದಲ್ಲಿ ಹಾಡನ್ನು ಪ್ರಕಟಿಸದೆ, ಚೆನ್ನಾಗಿ ಇಳಿಸಿ, ಎರಡು ಮೂರು ಕಡೆ ಕಾಪಿಟ್ಟು, ಹುಡುಕಾಟ ಮುಂದುವರಿಸಿ ಎನ್ನುತ್ತೇನೆ. ಇಪ್ಪತ್ತು ಸೆಕೆಂಡಿನ ತುಣುಕು ಹಾಕಿ 'ಇದು ಯಾರ ಧ್ವನಿ?' ಎಂದು ಕೇಳುವುದರಲ್ಲಿ ಅಪಾಯ ಕಡಿಮೆ, ಫಲ ಹೆಚ್ಚು.

ಆಮೇಲೆ ಒಂದು ತುರ್ತು ಮಾತು. ಎರಡೂ ಕ್ಯಾಸೆಟ್‌ಗಳನ್ನು ಮೊದಲು ಪರೀಕ್ಷಿಸದೆ ಇನ್ನು ಡೆಕ್‌ಗೆ ಹಾಕಬೇಡಿ. ಕರಾವಳಿಯ ತೇವದಲ್ಲಿ 30-40 ವರ್ಷ ಇದ್ದ ಟೇಪುಗಳು ಅವು. ಬೆಳಕಿಗೆ ಹಿಡಿದು ಕಿಂಡಿಯಿಂದ ನೋಡಿ. ಟೇಪಿನ ಸುತ್ತುಗಳ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಸ್ಟು. ಓಡಿಸಿದರೆ ಅದು ಉದ್ದಕ್ಕೂ ಹರಡುತ್ತದೆ, ಡೆಕ್‌ಗೂ ಹತ್ತುತ್ತದೆ. ಮುಂಭಾಗದ ನಡುವೆ ಚಿಕ್ಕ ತಾಮ್ರದ ಪಟ್ಟಿಯ ಮೇಲೆ ಬಟಾಣಿಗಿಂತ ಸಣ್ಣ ಸ್ಪಂಜಿನ ತುಂಡು ಇರುತ್ತದೆ. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅದೇ. ಹಳೆ ಕ್ಯಾಸೆಟ್‌ಗಳಲ್ಲಿ ಅಂಟು ಒಣಗಿ ಅದು ಉದುರಿರುತ್ತದೆ. ಆಗಲೂ ಧ್ವನಿ ಮಂಕಾಗುತ್ತದೆ. ನಿಮ್ಮ ತುಣುಕಿನ ಎಡಗಡೆಯ ಧ್ವನಿ ಆಗಾಗ ಮುಳುಗುವುದನ್ನು ಕೇಳಿದರೆ ನನಗೆ ಅದೇ ಅನುಮಾನ. ಯಾರಾದರೂ 'ಓವನ್‌ನಲ್ಲಿ ಬೇಯಿಸಿದರೆ ಸರಿಹೋಗುತ್ತದೆ' ಎಂದರೆ ಕೇಳಬೇಡಿ. ಅದು ಅಂಟಂಟಾದ ಕೆಲವು ಬಗೆಯ ಸ್ಪೂಲ್ ಟೇಪುಗಳಿಗೆ, ಅಳತೆಯ ಬಿಸಿಯಲ್ಲಿ, ಗೊತ್ತಿರುವವರು ಮಾಡುವ ಚಿಕಿತ್ಸೆ. ಕ್ಯಾಸೆಟ್‌ಗೆ ಅದರ ಅಗತ್ಯ ಬೀಳುವುದೇ ಅಪರೂಪ. ಮನೆಯ ಓವನ್‌ನಲ್ಲಿ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ ಅಷ್ಟೇ.

ಬೆನ್ನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ, ಆಗ ಯಾರೂ ತಪ್ಪಿ ಅದರ ಮೇಲೆ ಇನ್ನೇನೋ ತುಂಬಿಸಲು ಆಗುವುದಿಲ್ಲ. ನೆಟ್ಟಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ, ಒಣ ಡಬ್ಬಿಯಲ್ಲಿ ಇಡಿ. ಲೇಬಲ್ಲಿನ ಎರಡೂ ಬದಿ, ಒಳಗಿನ ಕಾಗದ, ಅಂಗಡಿಯವನ ಕೈಬರಹ, ಎಲ್ಲದರ ಫೋಟೊ ತೆಗೆಯಿರಿ. ಅಪ್ಪ ಏನಾದರೂ ಗೀಚಿದ್ದರೆ ಅದರದ್ದೂ. ಹೆಸರಿಲ್ಲದ ಕ್ಯಾಸೆಟ್‌ನ ಫೋಟೊ ಮೊದಲು ನನಗೆ ಕಳಿಸಿ. ಟೇಪಿನ ಕಂಪನಿ ಯಾವುದು, ಚಿಪ್ಪು ಯಾವ ಬಗೆಯದ್ದು ಎಂದು ನೋಡಿದರೆ, ಯಾವ ವರ್ಷದ ಆಸುಪಾಸಿನಲ್ಲಿ ತುಂಬಿಸಿದ್ದು ಎಂದು ಹೇಳಲು ಬಹುಶಃ ಆದೀತು. ಅಲ್ಲಿಂದ ಹುಡುಕಲು ಶುರುಮಾಡೋಣ.